ಗಡುವು ತಪ್ಪಿದ ಓಟದ ಕಾರು: ಬಿಎಂಡಬ್ಲ್ಯು ಎಂ1 ಕಲಿಸುವ ವ್ಯವಹಾರ ಪಾಠ

ಆರ್ಡರ್ ಕೈಯಲ್ಲಿದೆ, ನಕ್ಷೆ ಸಿದ್ಧವಿದೆ. ಆದರೆ ಕೆಲಸ ಒಪ್ಪಿಕೊಂಡ ಘಟಕದ ಬಳಿ ದುಡಿಯುವ ಬಂಡವಾಳವಿಲ್ಲ. ಇಂತಹ ಪರಿಸ್ಥಿತಿ ನಮ್ಮ ಉದ್ಯಮಿ ಬಂಧುಗಳಲ್ಲಿ ಅನೇಕರಿಗೆ ಹೊಸದಲ್ಲ. ಜರ್ಮನಿಯ ಪ್ರತಿಷ್ಠಿತ ಕಾರು ಸಂಸ್ಥೆಯಾದ ಬಿಎಂಡಬ್ಲ್ಯು ಸಹ ಒಮ್ಮೆ ಇದೇ ಇಕ್ಕಟ್ಟಿಗೆ ಸಿಲುಕಿತ್ತು. ಆ ಇಕ್ಕಟ್ಟಿನಿಂದ ಹೊರಬಂದದ್ದೇ ಇಂದು ವಿಶ್ವದ ಅಪರೂಪದ ವೇಗದ ಕಾರುಗಳಲ್ಲಿ ಒಂದೆನಿಸಿರುವ ‘ಎಂ1’.

ಉದ್ದೇಶ ಮತ್ತು ಒಪ್ಪಂದ

1970ರ ದಶಕದ ಮಧ್ಯಭಾಗದಲ್ಲಿ ಯುರೋಪಿನ ಓಟದ ಕಣದಲ್ಲಿ ಪೋರ್ಷೆ ಕಾರುಗಳದೇ ಮೇಲುಗೈ. ಅವುಗಳಿಗೆ ಎದುರಾಗಿ ನಿಲ್ಲಬಲ್ಲ ಹೊಸ ಕಾರೊಂದನ್ನು ರೂಪಿಸಲು ಬಿಎಂಡಬ್ಲ್ಯು ಸಂಸ್ಥೆಯ ಮೋಟಾರ್‌ಸ್ಪೋರ್ಟ್ ವಿಭಾಗದ ಮುಖ್ಯಸ್ಥ ಯೋಖೆನ್ ನೀರ್‌ಪಾಷ್ ಮುಂದಾದರು. ಆದರೆ ಅಂದಿನ ನಿಯಮದಂತೆ ಗ್ರೂಪ್ 4 ವರ್ಗದ ಮಾನ್ಯತೆ ದೊರೆಯಬೇಕಾದರೆ 24 ತಿಂಗಳೊಳಗೆ 400 ಕಾರುಗಳನ್ನು ತಯಾರಿಸಬೇಕಾಗಿತ್ತು. ಎಂಜಿನ್ ಚಾಲಕನ ಬೆನ್ನ ಹಿಂದೆ ಇರುವ ಇಂತಹ ಕಾರನ್ನು ಅಲ್ಪ ಸಂಖ್ಯೆಯಲ್ಲಿ ಜೋಡಿಸಿದ ಅನುಭವ ಬಿಎಂಡಬ್ಲ್ಯು ಸಂಸ್ಥೆಗೆ ಇರಲಿಲ್ಲ. ಆದ್ದರಿಂದ ಆ ಕೆಲಸದಲ್ಲಿ ಪಳಗಿದ್ದ ಇಟಲಿಯ ಲ್ಯಾಂಬೋರ್ಗಿನಿ ಸಂಸ್ಥೆಗೆ ಗುತ್ತಿಗೆ ನೀಡಲಾಯಿತು. ಹೊರಮೈಯ ವಿನ್ಯಾಸವನ್ನು ಜಾರ್ಜೆಟ್ಟೊ ಜುಜಾರೊ ಸಿದ್ಧಪಡಿಸಿದರು. ಎಂಜಿನ್ ತಯಾರಿಕೆಯನ್ನು ಮಾತ್ರ ಬಿಎಂಡಬ್ಲ್ಯು ತನ್ನಲ್ಲಿಯೇ ಉಳಿಸಿಕೊಂಡಿತು.

ಮುಗ್ಗಟ್ಟು

ಲ್ಯಾಂಬೋರ್ಗಿನಿಯವರ ಕೌಶಲದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಹಣದಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ದುಬಾರಿ ಕಾರುಗಳ ಬೇಡಿಕೆ ಕುಸಿದು ಸಂಸ್ಥೆ ಬಳಲಿತ್ತು. ಕೆಲವು ಮಾದರಿ ಕಾರುಗಳು ಹೊರಬಂದುವಾದರೂ ನಿಯಮಿತ ತಯಾರಿಕೆ ಆರಂಭವಾಗಲಿಲ್ಲ. ಕಡೆಗೆ 1978ರಲ್ಲಿ ಬಿಎಂಡಬ್ಲ್ಯು ಒಪ್ಪಂದವನ್ನು ರದ್ದುಪಡಿಸಿತು.

ಸಣ್ಣ ಘಟಕಗಳ ಕೈಹಿಡಿತ

ಯೋಜನೆಯನ್ನು ಉಳಿಸಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲ, ಹಲವು ತಜ್ಞ ಘಟಕಗಳು ಎಂಬುದು ಗಮನಾರ್ಹ. ಮೊಡೆನಾ ನಗರದ ಮಾರ್ಕೇಸಿ ಸಂಸ್ಥೆ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಬೆಸೆದುಕೊಟ್ಟಿತು. ಟಿ.ಐ.ಆರ್. ಎಂಬ ಘಟಕ ಫೈಬರ್‌ಗ್ಲಾಸ್ ಹೊರಮೈಯನ್ನು ಒದಗಿಸಿತು. ಜುಜಾರೊ ಅವರ ಇಟಾಲ್‌ಡಿಸೈನ್ ಇವೆರಡನ್ನೂ ಕೂಡಿಸಿ ಒಳಾಂಗಣವನ್ನು ಅಳವಡಿಸಿತು. ನಂತರ ಕಾರು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಸಾಗಿ, ಬಾವರ್ ಸಂಸ್ಥೆಯಲ್ಲಿ ಎಂಜಿನ್ ಜೋಡಣೆಯಾಗಿ, ಅಂತಿಮ ತಪಾಸಣೆಗೆ ಮ್ಯೂನಿಚ್ ತಲುಪುತ್ತಿತ್ತು.

ಹೀಗೆ ಸಿದ್ಧವಾದ ಕಾರು 1978ರ ಪ್ಯಾರಿಸ್ ವಾಹನ ಮೇಳದಲ್ಲಿ ಪ್ರದರ್ಶನಗೊಂಡಿತು. 3.5 ಲೀಟರಿನ ಆರು ಸಿಲಿಂಡರ್ ಎಂಜಿನ್, 277 ಅಶ್ವಶಕ್ತಿ, ಗಂಟೆಗೆ 260 ಕಿ.ಮೀ.ಗೂ ಮಿಕ್ಕಿದ ವೇಗ. ಬೆಲೆ ಸುಮಾರು 1 ಲಕ್ಷ ಜರ್ಮನ್ ಮಾರ್ಕ್. ಆದರೆ ಬಿಡಿಭಾಗಗಳು ಎರಡು ದೇಶಗಳ ನಡುವೆ ಸಂಚರಿಸಬೇಕಾದ್ದರಿಂದ ವೆಚ್ಚವೂ ಏರಿತು, ತಯಾರಿಕೆಯೂ ನಿಧಾನವಾಯಿತು.

ಮೀರಿದ ಕಾಲ

ಮಾನ್ಯತೆಯಿಲ್ಲದೆ ಕಾರುಗಳು ಸುಮ್ಮನೆ ನಿಲ್ಲಬಾರದೆಂದು 1979 ಮತ್ತು 1980ರಲ್ಲಿ ಎಂ1 ಕಾರುಗಳಿಗೆಂದೇ ‘ಪ್ರೋಕಾರ್’ ಎಂಬ ಸರಣಿ ಏರ್ಪಟ್ಟಿತು. ಯುರೋಪಿನ ಫಾರ್ಮುಲಾ ಒನ್ ಸ್ಪರ್ಧೆಗಳ ಜೊತೆಗೇ ನಡೆದ ಈ ಸರಣಿಯಲ್ಲಿ ಮೊದಲ ವರ್ಷ ನಿಕಿ ಲೌಡಾ, ಮರುವರ್ಷ ನೆಲ್ಸನ್ ಪಿಕೆ ಪ್ರಶಸ್ತಿ ಗಳಿಸಿದರು. 1979ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ, ಕಲಾವಿದ ಆಂಡಿ ವಾರ್ಹಾಲ್ ಬಣ್ಣ ಬಳಿದಿದ್ದ ಎಂ1 ಆರನೆಯ ಸ್ಥಾನ ಪಡೆಯಿತು. ಪ್ರಚಾರವೇನೋ ಧಾರಾಳವಾಗಿ ದೊರೆಯಿತು. ಆದರೆ ಗ್ರೂಪ್ 4 ಮಾನ್ಯತೆ ಕೈಸೇರುವ ವೇಳೆಗೆ 1980 ಮುಗಿಯುತ್ತಿತ್ತು; 1982ರಿಂದ ಹೊಸ ವರ್ಗಗಳು ಜಾರಿಗೆ ಬಂದುವು. ಮದುವೆ ಮುಗಿದ ಮೇಲೆ ಬಂದ ವಾಲಗದವರ ಸ್ಥಿತಿ ಎಂ1 ಕಾರಿನದಾಯಿತು. 1981ರಲ್ಲಿ ತಯಾರಿಕೆ ನಿಂತಾಗ ಒಟ್ಟು ಕಾರುಗಳ ಸಂಖ್ಯೆ 450ಕ್ಕಿಂತ ಸ್ವಲ್ಪವೇ ಹೆಚ್ಚು. ಇಂದು ಸಂಗ್ರಾಹಕರು ಭಾರಿ ಬೆಲೆ ತೆತ್ತು ಕೊಳ್ಳುವುದು ಈ ವಿರಳತೆಗಾಗಿಯೂ ಹೌದು; ಆ ಬೆಲೆ ಮಾತ್ರ ತಯಾರಿಸಿದವರ ಲೆಕ್ಕಕ್ಕೆ ಸೇರುವುದಿಲ್ಲ.

ನಮಗೇನು ಪಾಠ?

ಕೆಲಸವನ್ನು ಹೊರಗೆ ವಹಿಸುವಾಗ ನಾವು ಸಾಮಾನ್ಯವಾಗಿ ಯಂತ್ರಗಳನ್ನೂ ಕುಶಲತೆಯನ್ನೂ ನೋಡುತ್ತೇವೆ, ದರವನ್ನು ಚೌಕಾಸಿ ಮಾಡುತ್ತೇವೆ. ಆ ಘಟಕ ಮುಂದಿನ ಎರಡು ವರ್ಷ ಕೂಲಿ ಮತ್ತು ಕಚ್ಚಾ ಸಾಮಗ್ರಿಯ ವೆಚ್ಚವನ್ನು ಭರಿಸಬಲ್ಲದೇ ಎಂದು ವಿಚಾರಿಸುವವರು ವಿರಳ. ಸರಬರಾಜುದಾರನ ಆರ್ಥಿಕ ಸ್ಥಿತಿ ಅವನೊಬ್ಬನ ಚಿಂತೆಯಲ್ಲ. ಅದು ಕೊಳ್ಳುವವನ ಗಡುವಿನ ಪ್ರಶ್ನೆಯೂ ಹೌದು. ಬಿಲ್ಲುಗಳ ಪಾವತಿಯನ್ನು ತಿಂಗಳುಗಟ್ಟಲೆ ತಡೆಹಿಡಿಯುವ ದೊಡ್ಡ ಸಂಸ್ಥೆಗಳೂ ಇದನ್ನು ಮನಗಾಣಬೇಕು. ಪರ್ಯಾಯ ಘಟಕಗಳನ್ನು ಮೊದಲೇ ಗುರುತಿಸಿಕೊಳ್ಳುವುದು, ನಕ್ಷೆ ಹಾಗೂ ಅಚ್ಚುಗಳ ಒಡೆತನವನ್ನು ಒಪ್ಪಂದದಲ್ಲಿ ಸ್ಪಷ್ಟಪಡಿಸುವುದು ಇವೆರಡೂ ಸಣ್ಣ ಉದ್ಯಮಿಗೂ ಸಾಧ್ಯವಿರುವ ಎಚ್ಚರಿಕೆಗಳು.

ಇನ್ನೊಂದು ಅಂಶವನ್ನೂ ಇಲ್ಲಿ ಸ್ಮರಿಸಬೇಕು. ಬಿಎಂಡಬ್ಲ್ಯು ತನ್ನ ಕೈಯಲ್ಲಿಯೇ ಉಳಿಸಿಕೊಂಡ ಎಂಜಿನ್ ವ್ಯರ್ಥವಾಗಲಿಲ್ಲ. ಅದರ ಸುಧಾರಿತ ರೂಪ 1980ರ ದಶಕದಲ್ಲಿ ಎಂ635ಸಿಎಸ್‌ಐ ಹಾಗೂ ಮೊದಲ ಎಂ5 ಕಾರುಗಳಿಗೆ ಬಂದಿತು; ‘ಎಂ’ ಅಕ್ಷರ ಇಂದಿಗೂ ಆ ಸಂಸ್ಥೆಯ ವೇಗದ ಕಾರುಗಳ ಗುರುತಾಗಿದೆ. ಯಾವುದನ್ನು ಹೊರಗೆ ಕೊಡಬೇಕು, ಯಾವುದನ್ನು ಬಿಟ್ಟುಕೊಡಬಾರದು ಎಂಬ ನಿರ್ಧಾರವನ್ನು ಆರ್ಡರ್ ಪಡೆಯುವ ಮುನ್ನವೇ ಮಾಡಿಕೊಳ್ಳುವುದು ಲೇಸು.