ಸಾಲ ಕೊಡುವವರ ಸಾಲಿನಿಂದ ಅಧ್ಯಕ್ಷರ ಕುರ್ಚಿಗೆ

ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್ 2006ರ ಜನವರಿ 16ರಂದು ಪ್ರಮಾಣವಚನ ಸ್ವೀಕರಿಸಿದಾಗ, ಆಫ್ರಿಕಾದಲ್ಲಿ ಚುನಾವಣೆ ಗೆದ್ದು ರಾಷ್ಟ್ರಾಧ್ಯಕ್ಷೆಯಾದ ಮೊದಲ ಮಹಿಳೆ ಎಂದು ಜಗತ್ತು ಕೊಂಡಾಡಿತು. ಆಕೆ ಅಲ್ಲಿಗೆ ಬಂದ ದಾರಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರಾಜಕೀಯ ಹೊರದಬ್ಬಿದಾಗಲೆಲ್ಲ ಆಕೆಗೆ ಆಸರೆಯಾದದ್ದು ಬ್ಯಾಂಕು.

ಹದಿನೇಳಕ್ಕೇ ಮದುವೆ, ಆಮೇಲೆ ನಾಲ್ವರು ಗಂಡುಮಕ್ಕಳು. ಅಮೆರಿಕದ ಮ್ಯಾಡಿಸನ್‌ನಲ್ಲಿ ಲೆಕ್ಕಪತ್ರ ಓದುವಾಗ ಔಷಧಿ ಅಂಗಡಿಯೊಂದರ ತಿಂಡಿ ಕೌಂಟರಿನಲ್ಲಿ ದುಡಿದು, ನೆಲ ಗುಡಿಸಿ ಖರ್ಚು ತೂಗಿಸಿಕೊಂಡರು. ಮದುವೆ ಮುರಿದುಬಿತ್ತು. 1971ರಲ್ಲಿ ಹಾರ್ವರ್ಡ್ ಪದವಿ, ಊರಿಗೆ ಮರಳಿ ಹಣಕಾಸು ಇಲಾಖೆಯಲ್ಲಿ ಹುದ್ದೆ. ಆದರೆ ಸರ್ಕಾರದ ತಪ್ಪುಗಳನ್ನು ವೇದಿಕೆಯಲ್ಲೇ ಎತ್ತಿ ಆಡುವವರನ್ನು ಯಾವ ಸರ್ಕಾರ ಸಹಿಸೀತು? 1973ರಲ್ಲಿ ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಸೇರಿದರು.

ಮತ್ತೆ ಊರಿಗೆ ಮರಳಿ, 1979ರಲ್ಲಿ ಹಣಕಾಸು ಸಚಿವೆಯಾದರು. ಮರುವರ್ಷದ ಏಪ್ರಿಲ್ 12ರಂದು ಸಾರ್ಜೆಂಟ್ ಸ್ಯಾಮ್ಯುಯೆಲ್ ಡೋ ನೇತೃತ್ವದ ಸೈನಿಕರು ಅಧ್ಯಕ್ಷ ಟಾಲ್ಬರ್ಟ್ ಅವರನ್ನು ಕೊಂದರು. ಹತ್ತು ದಿನ ಕಳೆದು, ಹಿಂದಿನ ಸರ್ಕಾರದ 13 ಮಂದಿಯನ್ನು ಮನ್ರೋವಿಯಾದ ಕಡಲತೀರದಲ್ಲಿ ಕಂಬಗಳಿಗೆ ಕಟ್ಟಿ, ಜನರ ಕಣ್ಣೆದುರೇ ಗುಂಡಿಕ್ಕಿದರು. ಜೀವ ಉಳಿಸಿಕೊಂಡ ಕೆಲವೇ ಸಚಿವರಲ್ಲಿ ಎಲೆನ್ ಒಬ್ಬರು. ಹೊಸ ಆಡಳಿತವನ್ನೂ ಟೀಕಿಸಿ ದೇಶ ಬಿಟ್ಟ ಅವರು, ನೈರೋಬಿಯ ಸಿಟಿಬ್ಯಾಂಕಿನಲ್ಲಿ ಆಫ್ರಿಕಾ ವಲಯದ ಉಪಾಧ್ಯಕ್ಷೆಯಾದರು.

ಒಳ್ಳೆಯ ಸಂಬಳದ ಆ ಕೆಲಸದಲ್ಲೇ ಆಯುಸ್ಸು ಕಳೆಯಬಹುದಿತ್ತು. 1985ರ ಚುನಾವಣೆ ಕರೆಯಿತು, ಹೋದರು. ಆಡಳಿತದಲ್ಲಿರುವವರನ್ನು ಮೂರ್ಖರೆಂದು ಭಾಷಣದಲ್ಲಿ ಜರೆದದ್ದಕ್ಕೆ ಹತ್ತು ವರ್ಷದ ಶಿಕ್ಷೆ ಬಿತ್ತು. ವಿದೇಶಗಳ ಒತ್ತಡದಿಂದ ಬಿಡುಗಡೆಯಾಗಿ ಸೆನೆಟ್ ಸ್ಥಾನ ಗೆದ್ದರೂ, ಚುನಾವಣೆಯೇ ಅಕ್ರಮವೆಂದು ಅದನ್ನು ಸ್ವೀಕರಿಸಲಿಲ್ಲ. ಮತ್ತೆ ಸೆರೆ, ಮತ್ತೆ ದೇಶಭ್ರಷ್ಟತೆ, ಮತ್ತೆ ಬ್ಯಾಂಕು: ಈ ಸಲ ವಾಷಿಂಗ್ಟನ್ನಿನ ಈಕ್ವೇಟರ್ ಬ್ಯಾಂಕ್. 1992ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ. 1997ರ ಅಧ್ಯಕ್ಷ ಚುನಾವಣೆಯಲ್ಲಿ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಎದುರು ಹೀನಾಯ ಸೋಲು.

ಕೊನೆಗೂ ಅಧಿಕಾರ ಸಿಕ್ಕಾಗ ಅಂತರ್ಯುದ್ಧ ದೇಶವನ್ನು ಬರಿದು ಮಾಡಿತ್ತು. ಸರ್ಕಾರದ ವಾರ್ಷಿಕ ಬಜೆಟ್ ಸುಮಾರು 8 ಕೋಟಿ ಡಾಲರ್, ಹೊರದೇಶಗಳ ಸಾಲ ಸುಮಾರು 490 ಕೋಟಿ ಡಾಲರ್. ಬಡ್ಡಿಗೂ ಸಾಕಾಗದ ಆದಾಯ. ಬ್ಯಾಂಕಿನಲ್ಲಿ ಕಳೆದ ವರ್ಷಗಳು ಫಲ ಕೊಟ್ಟದ್ದು ಇಲ್ಲೇ ಎಂದು ನಾನು ಬಲವಾಗಿ ನಂಬುತ್ತೇನೆ. ವಸೂಲಾಗದ ಸಾಲಕ್ಕೆ ನಿಜವಾಗಿ ಎಷ್ಟು ಬೆಲೆ ಎಂಬುದು, ಸಾಲ ಕೊಡುವವರ ನಡುವೆ ಕೂತು ಬಂದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2009ರಲ್ಲಿ ಖಾಸಗಿಯವರಿಗೆ ಕೊಡಬೇಕಿದ್ದ ಸುಮಾರು 120 ಕೋಟಿ ಡಾಲರ್ ಸಾಲವನ್ನು ಡಾಲರಿಗೆ ಮೂರು ಸೆಂಟಿನ ಲೆಕ್ಕದಲ್ಲಿ ಚುಕ್ತಾ ಮಾಡಲಾಯಿತು. ಆ ಹಣವೂ ವಿಶ್ವಬ್ಯಾಂಕಿನ ನಿಧಿ ಮತ್ತು ದಾನಿ ದೇಶಗಳಿಂದ ಬಂತು. 2010ರ ಜೂನ್‌ನಲ್ಲಿ ಉಳಿದ ಸಾಲದ ಬಹುಪಾಲು ಮನ್ನಾ ಆಯಿತು.

ಕಪ್ಪುಚುಕ್ಕೆಗಳನ್ನು ಮರೆಮಾಚಲಾಗದು. ಟೇಲರ್‌ಗೆ ಆರಂಭದಲ್ಲಿ ನೆರವಾದದ್ದಕ್ಕೆ, ಅಂತರ್ಯುದ್ಧದ ಕುರಿತ ಸತ್ಯಶೋಧನಾ ಆಯೋಗ 2009ರಲ್ಲಿ ಎಲೆನ್ ಅವರನ್ನೂ ಸಾರ್ವಜನಿಕ ಹುದ್ದೆಗಳಿಂದ 30 ವರ್ಷ ದೂರವಿಡಬೇಕೆಂದು ಶಿಫಾರಸು ಮಾಡಿತ್ತು. ಸ್ವಂತ ಮಕ್ಕಳಿಗೆ ಆಯಕಟ್ಟಿನ ಹುದ್ದೆ ಕೊಟ್ಟದ್ದಂತೂ, 2011ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡಿದ್ದ ಲೇಮಾ ಬೊವಿ ಅವರನ್ನೇ ಬಹಿರಂಗ ಟೀಕೆಗೆ ಇಳಿಸಿತು. ಆ ಟೀಕೆ ನ್ಯಾಯವಾದದ್ದೇ. ಆದರೂ ಎರಡು ಅವಧಿ ಮುಗಿದಾಗ ಅವರು ಕುರ್ಚಿಗೆ ಅಂಟಿಕೊಳ್ಳಲಿಲ್ಲ. 2018ರ ಜನವರಿಯಲ್ಲಿ, ಹಿಂದೆ ತಾವು ಸೋಲಿಸಿದ್ದ ಫುಟ್‌ಬಾಲ್ ತಾರೆ ಜಾರ್ಜ್ ವೇಯಾ ಅವರಿಗೆ ಅಧಿಕಾರ ಒಪ್ಪಿಸಿದರು. ಚುನಾಯಿತ ಅಧ್ಯಕ್ಷರೊಬ್ಬರಿಂದ ಇನ್ನೊಬ್ಬರಿಗೆ ಶಾಂತಿಯಿಂದ ಅಧಿಕಾರ ದಾಟಿದ್ದು, ಲೈಬೀರಿಯಾದಲ್ಲಿ 1944ರ ನಂತರ ಅದೇ ಮೊದಲು.