ಆಡಿನ ಹೊಟ್ಟೆಯಲ್ಲಿ ನಾಯಿಯ ಹುಳು

ಆಡು ಕೊಯ್ದು ಹೊಟ್ಟೆ ಬಗೆದಾಗ, ಕರುಳಿನ ಮೇಲೆ ಹರಡಿಕೊಂಡ ಕೊಬ್ಬಿನ ಪರದೆಯಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಜೋತಾಡುತ್ತಿರುತ್ತವೆ. ತೆಳ್ಳನೆಯ ಪಾರದರ್ಶಕ ಚೀಲ, ಒಳಗೊಂದು ಬಿಳಿ ಚುಕ್ಕೆ. ಮಾಂಸ ಕಡಿಯುವವರು ಕಿತ್ತು ಆಚೆ ಎಸೆಯುತ್ತಾರೆ. ಕಾದು ಕೂತ ನಾಯಿ ನುಂಗುತ್ತದೆ. ಲಾಡಿಹುಳಕ್ಕೆ ಬೇಕಾದದ್ದೂ ಅಷ್ಟೇ.

ಆ ಬಿಳಿ ಚುಕ್ಕೆ ಟೀನಿಯಾ ಹೈಡಾಟಿಜೆನಾ ಎಂಬ ಲಾಡಿಹುಳದ ತಲೆ. ನಾಯಿಯ ಕರುಳು ಸೇರಿದ ಮೇಲೆ ಅದು ಗೋಡೆಗೆ ಕಚ್ಚಿಕೊಂಡು ಐದು ಮೀಟರ್‌ವರೆಗೂ ಬೆಳೆಯಬಲ್ಲದು. ಮೊಟ್ಟೆ ತುಂಬಿದ ತುಂಡುಗಳು ಮಲದ ಜೊತೆ ಹೊರಬಿದ್ದು ಹುಲ್ಲು, ನೀರು ಸೇರುತ್ತವೆ. ಆಡು ನುಂಗಿದ ಮೊಟ್ಟೆಯಿಂದ ಹೊರಬಂದ ಭ್ರೂಣ ಕರುಳನ್ನು ಕೊರೆದು, ರಕ್ತದಲ್ಲಿ ತೇಲಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಕೆಲವು ವಾರ ಸುರಂಗ ತೋಡಿಕೊಂಡು ಸಾಗಿ, ಕೊನೆಗೆ ಹೊಟ್ಟೆಯೊಳಗಿನ ಕೊಬ್ಬಿನ ಪರದೆಗೆ ಅಂಟಿ ಗುಳ್ಳೆಯಾಗುತ್ತದೆ. ಬೆಳೆದ ಆಡು ಇದನ್ನು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ಎಳೆಯ ಮರಿಗಳ ಯಕೃತ್ತಿನಲ್ಲಿ ಒಟ್ಟಿಗೇ ನೂರಾರು ಭ್ರೂಣಗಳು ಸುರಂಗ ಕೊರೆದರೆ ಒಳಗೇ ರಕ್ತ ಸೋರಿ ಮರಿಗಳು ಸಾಯುತ್ತವೆ. ಮಾಲೀಕನಿಗೆ ಕಾರಣ ತಿಳಿಯುವುದೇ ಇಲ್ಲ.

ಈ ಹುಳ ಮನುಷ್ಯರ ತಂಟೆಗೆ ಬರುವುದಿಲ್ಲ ಎನ್ನಬಹುದು. ಆದರೆ ಅದೇ ನಾಯಿ, ಅದೇ ದಾರಿಯಲ್ಲಿ ಅದರ ನೆಂಟರನ್ನೂ ಹರಡುತ್ತದೆ. ಟೀನಿಯಾ ಮಲ್ಟಿಸೆಪ್ಸ್‌ನ ಗುಳ್ಳೆ ಮಿದುಳಿನಲ್ಲಿ ಬೆಳೆದಾಗ ಆಡು ಒಂದೇ ಕಡೆ ಸುತ್ತು ಹಾಕುತ್ತ, ತಲೆ ವಾಲಿಸುತ್ತ ಕೊನೆಗೆ ನೆಲ ಹಿಡಿಯುತ್ತದೆ. ಎಲ್ಲಕ್ಕಿಂತ ಅಪಾಯದ್ದು ಎಕಿನೊಕಾಕಸ್ ಗ್ರ್ಯಾನುಲೋಸಸ್. ನಾಯಿಯೊಳಗೆ ಕೆಲವೇ ಮಿಲಿಮೀಟರ್ ಉದ್ದದ ಹುಳ. ಆದರೆ ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ವರ್ಷಗಟ್ಟಲೆ ಬೆಳೆಯುವ ಗುಳ್ಳೆ. ನಾಯಿಯ ಮೈದಡವಿದ ಕೈಯಲ್ಲೇ ಊಟ ಮಾಡುವ ಮಗುವನ್ನು ನೆನೆದರೆ ನನಗೆ ಭಯವಾಗುತ್ತದೆ.

ಎಷ್ಟು ಆಡುಗಳಲ್ಲಿ ಈ ಗುಳ್ಳೆಗಳಿವೆ? ಲೆಕ್ಕ ಸಿಗುವುದು ಹೆಚ್ಚಾಗಿ ಕಸಾಯಿಖಾನೆಗಳಿಂದ. ಅಲ್ಲಿಗೆ ಎಳೆಯ ಹೋತಗಳೇ ಹೆಚ್ಚು ಬಂದರೆ ಪ್ರಮಾಣ ಕಡಿಮೆ ಕಾಣುತ್ತದೆ. ಹಲವು ಸೂಲು ಕಂಡ ಮುದಿ ಆಡುಗಳು ಬಂದರೆ ಏರುತ್ತದೆ, ಏಕೆಂದರೆ ಅವು ಹೆಚ್ಚು ಕಾಲ ಮೇದಿರುತ್ತವೆ. ಜಾತ್ರೆ, ಹಬ್ಬಗಳಲ್ಲಿ ಮನೆಯಂಗಳದಲ್ಲೇ ಕೊಯ್ದವು ಯಾವ ಪುಸ್ತಕಕ್ಕೂ ಏರುವುದಿಲ್ಲ. ನಾಯಿಗೆ ಕರುಳು ಸಲೀಸಾಗಿ ಸಿಗುವುದು ಅಲ್ಲಿಯೇ. ಹಾಗಾಗಿ ಶೇಕಡಾವಾರು ಅಂಕಿ ಓದುವಾಗ ಆಡುಗಳ ವಯಸ್ಸೇನು, ಎಲ್ಲಿ ಕೊಯ್ದದ್ದು ಎಂದು ಮೊದಲು ಕೇಳಬೇಕು.

ಎಣಿಸಿದರಷ್ಟೇ ಸಾಲದು, ಗುಳ್ಳೆ ಯಾರದ್ದೆಂದೂ ತಿಳಿಯಬೇಕು. ಕಣ್ಣು ಇಲ್ಲಿ ಮೋಸಹೋಗುತ್ತದೆ. ಆಡಿನ ಮಾಂಸಖಂಡಗಳಲ್ಲಿ, ಚರ್ಮದಡಿಯಲ್ಲಿ ಸಿಗುವ ಹಲವು ತಲೆಗಳ ಗುಳ್ಳೆಯನ್ನು ಬೇರೆಯೇ ಪ್ರಭೇದವೆಂದು ಬಗೆದು, 1916ರಲ್ಲಿ ಹಾಲ್ ಎಂಬ ವಿಜ್ಞಾನಿ ಅದಕ್ಕೆ ಗೈಗರ್ ಎಂಬ ಪಶುವೈದ್ಯನ ಹೆಸರಿಟ್ಟರು. ಬಹುಕಾಲ ಪಠ್ಯಗಳಲ್ಲಿ ಅದು ಪ್ರತ್ಯೇಕವಾಗಿಯೇ ಉಳಿಯಿತು. ವಂಶವಾಹಿಗಳನ್ನು ಓದಿದಾಗ ಅದೂ ಮಿದುಳಿನ ಟೀನಿಯಾ ಮಲ್ಟಿಸೆಪ್ಸ್ ಎಂದು ತಿಳಿದುಬಂತು. ಹುಳ ಒಂದೇ, ಮನೆ ಮಾತ್ರ ಬೇರೆ.

ಹೀಗೆ ಓದಲು ಬಳಸುವುದು ಹೆಚ್ಚಾಗಿ ಮೈಟೊಕಾಂಡ್ರಿಯದ ವಂಶವಾಹಿಗಳನ್ನು, ಅದರಲ್ಲೂ ಕಾಕ್ಸ್1 ಎಂಬುದನ್ನು. 1992ರಲ್ಲಿ ಬೋಲ್ಸ್, ಬ್ಲೇರ್, ಮ್ಯಾಕ್‌ಮ್ಯಾನಸ್ ಅದರ 366 ಅಕ್ಷರಗಳ ತುಣುಕನ್ನು ಓದಿಯೇ ಎಕಿನೊಕಾಕಸ್‌ನ ಬಳಗಗಳನ್ನು ಬೇರ್ಪಡಿಸಿದರು. ಆ ಬಳಗಗಳಲ್ಲಿ ಜಿ1 ಎಂಬುದು ಕುರಿಗಳಲ್ಲಿ ಸಾಮಾನ್ಯ, ಜಿ6 ಒಂಟೆಯದು, ಜಿ7 ಹಂದಿಯದು. ಆಡಿನಲ್ಲಿ ಇವು ಮೂರೂ ಸಿಕ್ಕಿವೆ. ಜಿ1ರೊಳಗೂ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸವಿರುವ ಉಪರೂಪಗಳು ಹಲವು. ಅವನ್ನು ನಕ್ಷೆಯಾಗಿ ಬರೆದರೆ ನಡುವೆ ಒಂದು ದೊಡ್ಡ ಚುಕ್ಕೆ, ಸುತ್ತ ಸಣ್ಣವು. ಆ ನಡುವಿನ ರೂಪ ಯುರೋಪು, ಇರಾನ್, ಚೀನಾ, ಪೆರುಗಳಲ್ಲೆಲ್ಲ ಇದೆ. ಅಷ್ಟು ದೂರ ಹುಳ ತಾನೇ ನಡೆದದ್ದಲ್ಲ; ಕುರಿ, ಆಡು, ನಾಯಿಗಳನ್ನು ಕೊಂಡೊಯ್ದ ಮನುಷ್ಯರೇ ಅದನ್ನೂ ಕೊಂಡೊಯ್ದರು.

ಈ ಓದು ಬರೀ ಕುತೂಹಲಕ್ಕಲ್ಲ. ಎಕಿನೊಕಾಕಸ್ ತಡೆಯಲು ಕುರಿ, ಆಡುಗಳಿಗೆ ಹಾಕುವ ಇಜಿ95 ಎಂಬ ಲಸಿಕೆಯನ್ನು ಜಿ1ರ ಪ್ರೋಟೀನ್ ಆಧರಿಸಿ ತಯಾರಿಸಲಾಗಿದೆ. ಜಿ6ರಲ್ಲಿ ಆ ಪ್ರೋಟೀನಿನ ರೂಪ ತುಸು ಬೇರೆ. ಹಾಗಾಗಿ ಒಂದು ಪ್ರದೇಶದ ಆಡುಗಳಲ್ಲಿ ಯಾವ ಬಳಗವಿದೆ ಎಂದು ನೋಡದೆ ಲಸಿಕೆಯ ಫಲ ಹೀಗೇ ಇರುತ್ತದೆ ಎಂದು ಹೇಳುವುದು ಸರಿಯಲ್ಲ.

ನಾಯಿಯ ವಿಷಯದಲ್ಲಿ ಮಾತ್ರ ಯಾವ ಬಳಗಕ್ಕೂ ಕೆಲಸ ಒಂದೇ. ಗುಳ್ಳೆಯಿರುವ ಅಂಗಗಳನ್ನು ಆಳವಾಗಿ ಹೂಳಬೇಕು, ಇಲ್ಲವೇ ಸುಡಬೇಕು. ಎಕಿನೊಕಾಕಸ್ ನಾಯಿಯೊಳಗೆ ಬೆಳೆದು ಮೊಟ್ಟೆಯಿಡಲು ಸುಮಾರು ಆರು ವಾರ ಬೇಕು. ರೋಗ ಹೆಚ್ಚಿರುವ ಕಡೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಕೊಡುವುದು ಅದಕ್ಕೇ. ಈ ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಕುರಿಹಟ್ಟಿಯ ನಾಯಿಗೆ ಮಾತ್ರೆ ಹಾಕಿದ ಮೇಲೆ ಒಂದೆರಡು ದಿನ ಕಟ್ಟಿಹಾಕಿ, ಅದರ ಮಲವನ್ನೂ ಹೂಳಬೇಕು.