ಪೀಠ, ದತ್ತಿ ಮತ್ತು ಹುದ್ದೆ

ತಾವಿರುವ ಊರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವೊಂದು ಆಗಬೇಕೆಂದು ಹೊರನಾಡ ಕನ್ನಡಿಗರು ಹಂಬಲಿಸುವುದು ಸಹಜ. ಆದರೆ ಆಡಳಿತದ ದೃಷ್ಟಿಯಲ್ಲಿ ಪೀಠವೆಂದರೇನು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ವಿಭಾಗಕ್ಕೆ ಮಂಜೂರಾದ ಹುದ್ದೆಗಳಿರುತ್ತವೆ, ಸಾಮಾನ್ಯವಾಗಿ ತನ್ನದೇ ಅಧ್ಯಯನ ಮಂಡಳಿಯೂ ಇರುತ್ತದೆ. ಪೀಠವಾದರೋ ಬಹುಮಟ್ಟಿಗೆ ಒಬ್ಬ ಪ್ರಾಧ್ಯಾಪಕರ ಸ್ಥಾನ. ಅವರು ನಿವೃತ್ತರಾದ ಮರುದಿನದಿಂದ ಬಾಗಿಲ ಮೇಲಿನ ಫಲಕವಷ್ಟೇ ಉಳಿಯುವ ಸಂಭವವುಂಟು.

ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಯೋಜನೆಯ ಅವಧಿಗೆಂದು ಹೊಸ ಹುದ್ದೆಗಳನ್ನು ಕೊಡುತ್ತಿತ್ತು. ಅವಧಿ ಮುಗಿದ ಮೇಲೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಆ ಹೊಣೆಯನ್ನು ರಾಜ್ಯ ಸರಕಾರವು ಹೊರಬೇಕಾಗಿತ್ತು. 12ನೆಯ ಯೋಜನೆಯು 2017ರ ಮಾರ್ಚಿಗೆ ಮುಗಿಯಿತು. 2017-18ರ ಆಯವ್ಯಯದಿಂದ ಯೋಜನಾ, ಯೋಜನೇತರ ಎಂಬ ಭೇದವೂ ಅಳಿಯಿತು. ಹೀಗಾಗಿ ಪೀಠದ ಕನಸು ಕಾಣುವವರ ಕಣ್ಣು ದತ್ತಿನಿಧಿಯ ಕಡೆಗೇ ಹೊರಳುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಅಗತ್ಯ. 1996ರ ವೇತನಶ್ರೇಣಿಯಲ್ಲಿ ಪ್ರಾಧ್ಯಾಪಕರ ಆರಂಭದ ಮೂಲವೇತನ ತಿಂಗಳಿಗೆ 16,400 ರೂಪಾಯಿ, ವರ್ಷಕ್ಕೆ 1,96,800 ರೂಪಾಯಿ. ಆಗ ಯಾರಾದರೂ 20 ಲಕ್ಷ ರೂಪಾಯಿಗಳ ದತ್ತಿಯಿಟ್ಟು, ಅದಕ್ಕೆ ಶೇಕಡಾ 12ರ ಬಡ್ಡಿ ಬಂದಿತೆಂದು ಇಟ್ಟುಕೊಳ್ಳೋಣ: ವರ್ಷಕ್ಕೆ 2,40,000 ರೂಪಾಯಿ, ಮೂಲವೇತನ ಕಳೆದು ಒಂದಿಷ್ಟು ಉಳಿಯುತ್ತಿತ್ತು. 2016ರ ಪರಿಷ್ಕರಣೆಯಲ್ಲಿ ಅದೇ ಮೂಲವೇತನ 1,44,200 ರೂಪಾಯಿಯಾಯಿತು. ಶೇಕಡಾ 7ರ ದರದಲ್ಲಿ ಅದೇ ದತ್ತಿಯು ವರ್ಷಕ್ಕೆ ತರುವುದು 1,40,000 ರೂಪಾಯಿ. ಇಡೀ ವರ್ಷದ ಬಡ್ಡಿ ಒಂದು ತಿಂಗಳ ಮೂಲವೇತನಕ್ಕೂ ಸಾಲದು. ತುಟ್ಟಿಭತ್ಯೆಯ ಮಾತಂತೂ ದೂರವೇ ಉಳಿಯಿತು. ದತ್ತಿಯನ್ನು ಯಾರೂ ಅಪಹರಿಸಿಲ್ಲ, ಅಸಲು ಹಾಗೆಯೇ ಇದೆ. ಪೀಠ ಮಾತ್ರ ಬರಿದಾಗಿದೆ.

ನಮ್ಮ ಶಾಸನಗಳ ಕಾಲದ ದಾನಿಗಳು ಈ ವಿಷಯದಲ್ಲಿ ಹೆಚ್ಚು ಜಾಣರೆಂದು ತೋರುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯ, ಕ್ರಿ.ಶ. 945ರ ಸಾಲೋಟಗಿ ಶಾಸನದಲ್ಲಿ ವಿದ್ಯಾಶಾಲೆಗೆ ಬಿಟ್ಟದ್ದು ಭೂಮಿಯನ್ನು. ದವಸದ ಬೆಲೆ ಏರಿದರೆ ಭೂಮಿಯ ಹುಟ್ಟುವಳಿಯ ಬೆಲೆಯೂ ಏರುತ್ತದೆ. ಇಂದು ಭೂದಾನವನ್ನು ಕೇಳಲಾಗದು, ನಿಜ. ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷ ಅಸಲಿಗೆ ಸೇರಿಸಬೇಕೆಂಬ ಷರತ್ತನ್ನಾದರೂ ಒಪ್ಪಂದದಲ್ಲಿ ಬರೆಸಬಹುದು.

ಹಣವಿದ್ದರೂ ಪಾಠವಿಲ್ಲದ ಪೀಠ ನಿಲ್ಲದು. ಹೊಸ ಪಠ್ಯಕ್ರಮವು ಅಧ್ಯಯನ ಮಂಡಳಿಯಿಂದ ನಿಕಾಯಕ್ಕೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗಬೇಕು. ಹುದ್ದೆಯ ವಿಷಯವು ಹಣಕಾಸು ಸಮಿತಿಯನ್ನು ದಾಟಿ ಕಾರ್ಯಕಾರಿ ಪರಿಷತ್ತನ್ನು ಮುಟ್ಟಬೇಕು. ತನ್ನದೇ ಅಧ್ಯಯನ ಮಂಡಳಿಯಿಲ್ಲದ ಪೀಠವು ಆಶ್ರಯ ನೀಡಿದ ವಿಭಾಗದ ಸೌಜನ್ಯವನ್ನೇ ನಂಬಬೇಕಾಗುತ್ತದೆ. ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಶಿಕ್ಷಣದ ಚೌಕಟ್ಟಿನಲ್ಲಿ ಭಾಷಾ ಸಾಮರ್ಥ್ಯದ ಪತ್ರಿಕೆಗಳಿಗೆ 8 ಕ್ರೆಡಿಟ್‌ಗಳಿವೆ. ಆಧುನಿಕ ಭಾರತೀಯ ಭಾಷೆಗಳಿಗೆ ಅಲ್ಲಿ ಅವಕಾಶವುಂಟು. ದೆಹಲಿಯಲ್ಲಾಗಲಿ ಪುಣೆಯಲ್ಲಾಗಲಿ ಕನ್ನಡ ಪ್ರವೇಶಿಸಬಹುದಾದ ಬಾಗಿಲು ಇದು. ಆದರೆ ಪರಿಷತ್ತಿನ ಒಪ್ಪಿಗೆ ಪಡೆದ ಪತ್ರಿಕೆಯೂ ವೇಳಾಪಟ್ಟಿಯಲ್ಲಿ ಜಾಗವೂ ಇಲ್ಲದೆ ವಿದ್ಯಾರ್ಥಿ ಅದನ್ನು ಆರಿಸಿಕೊಳ್ಳಲಾರ.

ಸಲಹೆ ಕೇಳಿ ಬರುವ ಕನ್ನಡ ಸಂಘಗಳವರಿಂದ ನಾವು ಮೊದಲು ಕೇಳುವುದು ಒಪ್ಪಂದದ ಕರಡನ್ನು. ಹುದ್ದೆ ತೆರವಾದರೆ ಎಷ್ಟು ತಿಂಗಳೊಳಗೆ ತುಂಬಬೇಕು, ಬಡ್ಡಿ ಸಾಲದಾದಾಗ ಕೊರತೆಯನ್ನು ಭರಿಸುವವರು ಯಾರು ಎಂಬ ಎರಡು ವಾಕ್ಯಗಳು ಅದರಲ್ಲಿವೆಯೇ ಎಂದು ನೋಡಿ, ಉದ್ಘಾಟನೆಯ ದಿನಾಂಕವನ್ನು ಅನಂತರ ಕೇಳುತ್ತೇವೆ.